ಅಮ್ಮ ಮೆಟ್ಟಿಲು ಹತ್ತುತ್ತಾರೆ, ಇಳಿಯಲು ಹೆದರುತ್ತಾರೆ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಪ್ರಶ್ನೆ: ಅಮ್ಮನಿಗೆ 71 ವರ್ಷ. ಮಹಡಿ ನಿಧಾನವಾಗಿ ಹತ್ತುತ್ತಾರೆ. ಇಳಿಯುವಾಗ ಮಾತ್ರ ಮೇಲಿನ ಮೆಟ್ಟಿಲಲ್ಲೇ ನಿಂತುಬಿಡುತ್ತಾರೆ. ಮಂಡಿ ನೋವಿಲ್ಲವಂತೆ. ವಯಸ್ಸಾಯಿತು ಅಂತ ಸುಮ್ನೆ ಬಿಡುವುದಾ?

ಉತ್ತರ 1: ಬಿಡಬೇಡಿ. ನಮ್ಮ ಅಪ್ಪನದೂ ಇದೇ ಕತೆ. ಮಂಡಿಯದೇ ತೊಂದರೆ ಅಂದುಕೊಂಡು ಮಂಡಿಗೆ ಪಟ್ಟಿ ತಂದುಕೊಟ್ಟಿದ್ದೆವು. ಒಂದು ದಿನ ಕೆಳಗೆ ನಿಂತು ನೋಡಿದೆ. ಕತ್ತು ನೆಟ್ಟಗೆ, ಕಣ್ಣು ಮಾತ್ರ ಕೆಳಗೆ. ಕಾಲ್ಬೆರಳಲ್ಲಿ ಮೆಟ್ಟಿಲಿನ ಅಂಚು ತಡಕುತ್ತಿದ್ದರು, ಕತ್ತಲಲ್ಲಿ ನಡೆಯುವವರ ಹಾಗೆ. ಬೈಫೋಕಲ್ ಕನ್ನಡಕದ ಕೆಳಭಾಗ ಇರುವುದು ಓದುವುದಕ್ಕೆ. ಅದರಲ್ಲಿ ಮೆಟ್ಟಿಲು ನೋಡಿದರೆ ಮಸುಕು, ಅಲ್ವಾ? ಗದ್ದ ಇಳಿಸಿ ಮೇಲಿನ ಭಾಗದಿಂದ ನೋಡುವುದು ರೂಢಿಯಾಯಿತು. ಪ್ರತಿ ಮೆಟ್ಟಿಲಿನ ಅಂಚಿಗೂ ಹಳದಿ ಟೇಪ್ ಅಂಟಿಸಿದೆವು. ನೋಡಲು ಚೆನ್ನಾಗಿಲ್ಲ, ಇರಲಿ.

ಉತ್ತರ 2: ಕಣ್ಣಿನ ಜೊತೆ ತೊಡೆಯನ್ನೂ ನೋಡಿ. ಹತ್ತುವುದೇ ಕಷ್ಟ ಅಂತ ನಾನೂ ಅಂದುಕೊಂಡಿದ್ದೆ. ಇಳಿಯುವಾಗ ಒಂದೇ ಕಾಲು ಮಡಚುತ್ತಾ ಇಡೀ ಮೈಭಾರವನ್ನು ನಿಧಾನವಾಗಿ ಇಳಿಸಬೇಕು. ತೊಡೆಯ ಮುಂಭಾಗದ ಸ್ನಾಯು ಆಗ ಬ್ರೇಕ್ ಇದ್ದ ಹಾಗೆ. 60 ದಾಟಿದ ಮೇಲೆ ಸ್ನಾಯು ಬೇಗ ಬೇಗ ಕರಗುತ್ತದೆ. ನೋವೇ ಇರುವುದಿಲ್ಲ, ಕಾಲಿನ ಮೇಲಿನ ನಂಬಿಕೆ ಹೋಗಿರುತ್ತದೆ. ಹೆದರಿ ಮಹಡಿ ಬಿಟ್ಟರೆ ಇರುವ ಶಕ್ತಿಯೂ ಹೋಗುತ್ತದೆ. ಅಮ್ಮ ಕೈಯೂರದೆ ಕುರ್ಚಿಯಿಂದ ಏಳುತ್ತಾರಾ ನೋಡಿ. ನಮ್ಮತ್ತೆಗೆ ಆಗುತ್ತಿರಲಿಲ್ಲ. ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿ, ದಿನಾ ಹತ್ತು ಸಲ ಏಳಿಸಿ ಕೂರಿಸಿದೆವು. ಬೈಗುಳ ತಿಂದೆ. ಒಂದು ದಿಂಬು ತೆಗೆಯಲು ಮೂರು ವಾರ ಬೇಕಾಯಿತು, ಎರಡನೆಯದಕ್ಕೆ ಇನ್ನೂ ಜಾಸ್ತಿ.

ಉತ್ತರ 3: ಕೈಕಂಬಿ ಎಷ್ಟು ಕಡೆ ಇದೆ? ಒಂದೇ ಕಡೆ ಇದ್ದರೆ ಹತ್ತುವಾಗ ಬಲಗೈಗೆ ಸಿಕ್ಕಿದ್ದು ಇಳಿಯುವಾಗ ಎಡಗೈಗೆ ಬರುತ್ತದೆ. ನಮ್ಮದು ಕೊನೆಯ ಮೆಟ್ಟಿಲಿಗಿಂತ ಮೊದಲೇ ಮುಗಿದಿತ್ತು. ಅಜ್ಜಿ ಬಿದ್ದದ್ದು ಅಲ್ಲೇ.

ಉತ್ತರ 4: ಹತ್ತುವಾಗ ಉಬ್ಬಸ, ಎದೆ ಹಿಡಿದ ಹಾಗೆ ಆದರೆ ಮನೆಮದ್ದು ಬೇಡ, ಡಾಕ್ಟರ್ ಹತ್ತಿರ ಹೋಗಿ. ರಕ್ತ ಕಡಿಮೆ ಇರಬಹುದು, ಹೃದಯದ್ದೂ ಇರಬಹುದು. ಸಕ್ಕರೆ ಕಾಯಿಲೆ ಇದ್ದರೆ ಪಾದ ಜೋಮು ಹಿಡಿದಿದೆಯಾ ಕೇಳಿ. ಮುಂದೆ ಒಂದು ಕಾಲು ನೋವು ಬಂದರೆ, ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಪ್ರಶ್ನೆ ಕೇಳಿದವರು: ಈಗಷ್ಟೇ ನೋಡಿದೆ. ಕುರ್ಚಿಯಿಂದ ಕೈಯೂರದೆ ಏಳಲಾಗಲಿಲ್ಲ. ಕನ್ನಡಕವೂ ಬೈಫೋಕಲ್ಲೇ. ಕಂಬಿ ಇಳಿಯುವಾಗ ಎಡಕ್ಕೆ ಬರುತ್ತದೆ, ಅಮ್ಮನಿಗೆ ಎಡ ಭುಜ ಎತ್ತಲು ಆಗುವುದಿಲ್ಲ. ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ.