ಪದಚರ್ಚೆ: ಗ್ರಾಂಟ್, ಎಂಡೋಮೆಂಟ್, ಓವರ್‌ಹೆಡ್

ನಮಸ್ಕಾರ. ಜೀವವಿಜ್ಞಾನ ತಂತ್ರಜ್ಞಾನಗಳ ಸಂಶೋಧನೆಗಾಗಿ ಖಾಸಗಿ ಪ್ರತಿಷ್ಠಾನವೊಂದು ವಿಶ್ವವಿದ್ಯಾಲಯಕ್ಕೆ ಕೊಡುವ ಹಣದ ಪ್ರಕಟಣೆ ಕನ್ನಡದಲ್ಲಿ ಬರಬೇಕಿದೆ. ಗ್ರಾಂಟ್, ಎಂಡೋಮೆಂಟ್, ಡೊನೇಷನ್ ಮೂರಕ್ಕೂ ಕರಡಿನಲ್ಲಿ ‘ಅನುದಾನ’ ಎಂದೇ ಇದೆ. ಫೆಲೋಶಿಪ್ಪಿಗೆ ‘ಶಿಷ್ಯವೇತನ’, ಓವರ್‌ಹೆಡ್‌ಗೆ ‘ಹೆಚ್ಚುವರಿ ವೆಚ್ಚ’. ಇದು ಸರಿಯೇ?

ಉತ್ತರ:

ಮೂರಕ್ಕೂ ಒಂದೇ ಪದ ಬೇಡ ಮೇಡಂ. ಇಂತಿಷ್ಟು ವರ್ಷ, ಇಂಥ ಬಾಬತ್ತು ಎಂಬ ಷರತ್ತಿನ ಮೇಲೆ ಬರುವುದು ಅನುದಾನ. ಅದು ಕಂತಿನಲ್ಲಿ ಬಿಡುಗಡೆಯಾಗುತ್ತದೆ, ಹಣ ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಕಂತು ನಿಲ್ಲುತ್ತದೆ, ಉಳಿಕೆಯನ್ನು ಸಾಮಾನ್ಯವಾಗಿ ಹಿಂದಿರುಗಿಸಬೇಕು. ನಮ್ಮಲ್ಲಿ ಅನುದಾನ ಎಂದೊಡನೆ ಸರ್ಕಾರವೇ ನೆನಪಾಗುವುದರಿಂದ (ಅನುದಾನಿತ ಶಾಲೆ ನೋಡಿ) ಮೊದಲ ಸಲವಾದರೂ ‘ಪ್ರತಿಷ್ಠಾನದ ಅನುದಾನ’ ಎಂದು ಬಿಡಿಸಿ ಬರೆಯಿರಿ. ಡೊನೇಷನ್‌ಗೆ ದೇಣಿಗೆ ಸಾಕು.

ಎಂಡೋಮೆಂಟ್‌ಗೆ ‘ದತ್ತಿ’ ಬಿಟ್ಟರೆ ಬೇರೆ ಪದ ಹುಡುಕಬೇಕಿಲ್ಲ. ಮೂಲಧನ ಮುಟ್ಟದೆ ಅದರ ಆದಾಯದಲ್ಲಿ ಕೆಲಸ ನಡೆಸುವ ಅರ್ಥ ದತ್ತಿ ಉಪನ್ಯಾಸ, ದತ್ತಿ ಪದಕಗಳಲ್ಲಿ ಆಗಲೇ ಬೇರೂರಿದೆ. ಧಾರ್ಮಿಕ ದತ್ತಿ ಇಲಾಖೆಯ ನೆನಪು ಬರುತ್ತದೆಂಬ ಅಳುಕಿದ್ದರೆ ‘ಸಂಶೋಧನಾ ದತ್ತಿನಿಧಿ’ ಎನ್ನಿ. ಇಲ್ಲಿ ಪದ ತಪ್ಪಿದರೆ ಯೋಜನೆಯೇ ತಪ್ಪುತ್ತದೆ. 2 ಕೋಟಿ ರೂಪಾಯಿ ದತ್ತಿಗೆ ಶೇ 6ರ ಬಡ್ಡಿ ಬಂದರೆ ವರ್ಷಕ್ಕೆ ಕೈಗೆ ಸಿಗುವುದು 12 ಲಕ್ಷ. ಅದರಲ್ಲಿ ರಾಸಾಯನಿಕಗಳು, ಒಬ್ಬಿಬ್ಬರು ಸಂಶೋಧನಾ ಸಹಾಯಕರ ಸಂಬಳ ಕಳೆದರೆ ಮುಗಿಯಿತು. ‘2 ಕೋಟಿ ಅನುದಾನ’ ಎಂದು ಓದಿದ ವಿಭಾಗ ಮಾತ್ರ ಕೋಟಿ ಬೆಲೆಯ ಕಾನ್‌ಫೋಕಲ್ ಸೂಕ್ಷ್ಮದರ್ಶಕಕ್ಕೆ ಟೆಂಡರ್ ಸಿದ್ಧಮಾಡಲು ಹೊರಡುತ್ತದೆ.

ಶಿಷ್ಯವೇತನ ಪಿಎಚ್.ಡಿ. ಹಂತಕ್ಕೆ ಒಪ್ಪುತ್ತದೆ, ಅದರಾಚೆಗೆ ಇಲ್ಲ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಆರಂಭಿಸಿದ, ಹೈದರಾಬಾದಿನಲ್ಲಿ ಕಚೇರಿಯಿರುವ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್‌ಗಳನ್ನೇ ನೋಡಿ. ವಿಜ್ಞಾನಿಯ ಸಂಬಳದ ಜೊತೆಗೆ ಪ್ರಯೋಗಾಲಯದ ಖರ್ಚೂ ಅದರಲ್ಲಿ ಸೇರಿದೆ. ಸ್ವಂತ ತಂಡ ಕಟ್ಟುವವರನ್ನು ‘ಶಿಷ್ಯ’ ಎನ್ನಲಾಗದು. ‘ಫೆಲೋಶಿಪ್’ ಎಂದೇ ಉಳಿಸಿ.

‘ಹೆಚ್ಚುವರಿ ವೆಚ್ಚ’ವನ್ನು ದಯವಿಟ್ಟು ತೆಗೆಯಿರಿ. ಮಂಜೂರಾತಿ ಮೀರಿ ಖರ್ಚಾಗಿದೆ ಎಂದು ಲೆಕ್ಕಪರಿಶೋಧಕರು ಓದಿಕೊಳ್ಳುತ್ತಾರೆ. ಓವರ್‌ಹೆಡ್ ಎಂದರೆ ವಿದ್ಯುತ್ತು, ಕಟ್ಟಡ, ಕಚೇರಿ ಸಿಬ್ಬಂದಿಯಂಥ ಬಾಬತ್ತಿಗೆ ಸಂಸ್ಥೆ ಪಡೆಯುವ ಪಾಲು. ವಾಣಿಜ್ಯದ ಪುಸ್ತಕಗಳ ‘ಮೇಲ್ವೆಚ್ಚ’ ಚೆನ್ನಾಗಿ ಹೊಂದುತ್ತದೆ. ಶೇಕಡಾವಾರು ಬರೆಯುವಾಗ ಯಾವುದರ ಮೇಲೆ ಎಂಬುದೂ ಇರಲೇಬೇಕು. ನೇರ ವೆಚ್ಚ 40 ಲಕ್ಷವಾಗಿದ್ದು ‘ನೇರ ವೆಚ್ಚದ ಶೇ 10’ ಎಂದರೆ ಮೇಲ್ವೆಚ್ಚ 4 ಲಕ್ಷ. ‘ಒಟ್ಟು ಮೊತ್ತದ ಶೇ 10’ ಎಂದರೆ ಒಟ್ಟು ಸುಮಾರು 44.44 ಲಕ್ಷವಾಗಿ, ಮೇಲ್ವೆಚ್ಚ 4.44 ಲಕ್ಷಕ್ಕೇರುತ್ತದೆ. ಕರಡಿನ ‘ಶೇ 10ರಷ್ಟು’ ಎರಡಕ್ಕೂ ಎಡೆಕೊಡುತ್ತದೆ.

ಶೀರ್ಷಿಕೆಯನ್ನು ಚಿಕ್ಕದಾಗಿಸಲು ‘ಜೈವಿಕ ತಂತ್ರಜ್ಞಾನ’ ಎಂದು ಮಾಡಬೇಡಿ. ನಿಮ್ಮ ಪ್ರಕಟಣೆ ಸೂಕ್ಷ್ಮದರ್ಶಕ, ಡಿಎನ್‌ಎ ಅನುಕ್ರಮ ಓದುವ ಯಂತ್ರ, ದತ್ತಾಂಶ ವಿಶ್ಲೇಷಣೆಯ ತಂತ್ರಾಂಶಗಳಿಗೂ ಅನ್ವಯಿಸುವುದಾದರೆ, ಭೌತವಿಜ್ಞಾನ ಮತ್ತು ಕಂಪ್ಯೂಟರ್ ವಿಭಾಗದವರು ಆ ಪದ ಕಂಡು ಇದು ತಮಗಲ್ಲವೆಂದು ಅರ್ಜಿಯನ್ನೇ ಹಾಕುವುದಿಲ್ಲ. ‘ಜೀವವಿಜ್ಞಾನ ತಂತ್ರಜ್ಞಾನಗಳು’ ಎಂಬ ಬಹುವಚನವನ್ನೇ ಇಟ್ಟುಕೊಳ್ಳಿ.