ಐಟಿಐ ಹುಡುಗರ ಓಟು ಊರಲ್ಲೋ, ಪೀಣ್ಯದಲ್ಲೋ?

ಫಿಟ್ಟರ್ ಮೇಷ್ಟ್ರು:
ಪೀಣ್ಯ ಕಡೆಯ ಐಟಿಐ ಒಂದರಲ್ಲಿ ಫಿಟ್ಟರ್ ಟ್ರೇಡ್ ಹೇಳಿಕೊಡುತ್ತೇನೆ. ಹುಡುಗರು ಹೆಚ್ಚಾಗಿ ಸಿರಾ, ಪಾವಗಡ, ನಾಗಮಂಗಲ ಕಡೆಯವರು. ಮೊನ್ನೆ ಕಬ್ಬಿಣಕ್ಕೆ ಅರ ಉಜ್ಜುವ ಫೈಲಿಂಗ್ ಮಾಡಿಸುವಾಗ ಓಟಿನ ಮಾತು ಬಂತು. "ಎಂಎಲ್ಎ ಎಲೆಕ್ಷನ್‌ಗೆ ಊರಿಗೆ ಹೋಗೇ ಹೋಗ್ತೀವಿ ಸಾರ್" ಅಂದರು. ಸರಿ, ಇಲ್ಲಿ? "ಇಲ್ಲಿ ನಮ್ದೇನಿದೆ ಸಾರ್" ಅಂದ ಒಬ್ಬ, ವೈಸ್‌ನಿಂದ ತಲೆಯೂ ಎತ್ತದೆ. ಹಾಸ್ಟೆಲ್ ರಸ್ತೆಯಲ್ಲಿ ಬೀದಿದೀಪ ಇಲ್ಲ ಅಂತ ದಿನಾ ಗೊಣಗುವವನೂ ಅವನೇ!

ಕಾರ್ಪೊರೇಟರ್ ಕೆಲಸ ಏನು ಅಂತ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಬೈದು ಏನು ಪ್ರಯೋಜನ? ಬೆಂಗಳೂರಲ್ಲಿ ಪಾಲಿಕೆ ಚುನಾವಣೆ ಆಗಿದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಕಾರುಬಾರು. ಈ ಮಕ್ಕಳು ಕಾರ್ಪೊರೇಟರನ್ನು ಎಲ್ಲಿ ನೋಡಿರಬೇಕು?

ಮತದಾರರ ಪಟ್ಟಿಯಲ್ಲಿ ಹೆಸರು ಇಲ್ಲಿಗೆ ಸೇರಿಸಿ ಅನ್ನೋದಾ, ಊರಲ್ಲೇ ಇರಲಿ ಅಂತ ಬಿಡೋದಾ?

ಹಳೇ ಬಿಎಲ್ಒ (ಮತಗಟ್ಟೆ ಮಟ್ಟದ ಅಧಿಕಾರಿ):
ಹಾಸ್ಟೆಲ್‌ನಲ್ಲಿ ಓದುವವರು ಊರಲ್ಲಾದರೂ ಇಡಬಹುದು, ಇಲ್ಲಾದರೂ ಇಡಬಹುದು. ಎರಡೂ ಕಡೆ ಮಾತ್ರ ಕೂಡದು. ಹೊಸಬರಿಗೆ ಫಾರ್ಮ್ 6, ಊರಿನ ಪಟ್ಟಿಯಲ್ಲಿರುವ ಹೆಸರನ್ನು ಇಲ್ಲಿಗೆ ತರಲು ಫಾರ್ಮ್ 8. ಹಾಸ್ಟೆಲ್ ವಿಳಾಸಕ್ಕೆ ಹೊಸದಾಗಿ ಸೇರಿಸುವುದಾದರೆ ಇಲ್ಲಿ ಓದುತ್ತಿದ್ದಾರೆ ಅನ್ನುವ ಪ್ರಿನ್ಸಿಪಾಲರ ಬೋನಫೈಡ್ ಪತ್ರ ಜೊತೆಗಿಡಿ. ಈಗ ಜನವರಿ 1ಕ್ಕೇ ಕಾಯಬೇಕಿಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್ 1ಕ್ಕೆ 18 ತುಂಬಿದರೂ ಆಯಿತು. 17 ತುಂಬಿದವರು ಮುಂಚೆಯೇ ಅರ್ಜಿ ಹಾಕಿಡಬಹುದು.

ಟರ್ನರ್, ನಾಗಮಂಗಲ:
ನಾನೂ ಐಟಿಐ ಮಾಡಿದವನೇ ಸಾರ್. 2024ರ ಏಪ್ರಿಲ್ 26ಕ್ಕೆ ಲೋಕಸಭೆ ಓಟಿಗೆ ಬಸ್ಸಲ್ಲಿ ನಿಂತುಕೊಂಡೇ ಊರಿಗೆ ಹೋದೆ. ಅವತ್ತು ಮಂಡ್ಯದಲ್ಲಿ ಮತದಾನ ಶೇ. 81 ದಾಟಿತು, ಬೆಂಗಳೂರು ದಕ್ಷಿಣದಲ್ಲಿ 53ರ ಆಸುಪಾಸು. ಊರಲ್ಲಾದರೆ ಬೂತ್ ಮುಂದೆ ಮಾವ, ಚಿಕ್ಕಪ್ಪ ಎಲ್ಲ ನಿಂತಿರುತ್ತಾರೆ, ಬರದಿದ್ದರೆ ಫೋನ್ ಮೇಲೆ ಫೋನ್. ಇಲ್ಲಿ ಯಾರು ಕೇಳುತ್ತಾರೆ? ಒಂದು ಮಾತು, ಓಟಿನ ದಿನ ದಿನಗೂಲಿಯವರಿಗೂ ಸಂಬಳ ಸಮೇತ ರಜೆ ಕೊಡಬೇಕು ಅಂತ ಕಾನೂನೇ ಇದೆ, ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 135ಬಿ. ಓನರ್‌ಗಳು ತಾವಾಗೇ ಹೇಳಲ್ಲ. ಹುಡುಗರಿಗೆ ಅದನ್ನು ಹೇಳಿಕೊಡಿ.

ಸುಮ್ನೆ ಓದುಗ:
ಪಿಜಿ ಬದಲಾದಾಗಲೆಲ್ಲ ಫಾರ್ಮ್ 8 ಹಾಕ್ತಾ ಕೂರಬೇಕಾ? ಊರಲ್ಲೇ ಇರಲಿ ಬಿಡಿ.

ಫಿಟ್ಟರ್ ಮೇಷ್ಟ್ರು:
ಊರಿಗೆ ವಾಪಸ್ ಹೋಗುವವರದು ಅಲ್ಲೇ ಇರಲಿ, ಒಪ್ಪಿದೆ. ಆದರೆ ನಮ್ಮವರಲ್ಲಿ ಜಾಸ್ತಿ ಜನ ಕೋರ್ಸ್ ಮುಗಿಸಿ ಇಲ್ಲೇ ಶೆಡ್ಡುಗಳಲ್ಲಿ ಕೆಲಸಕ್ಕೆ ನಿಲ್ಲುತ್ತಾರೆ. ನೀರು, ಕಸ, ದೀಪ ಎಲ್ಲ ಇಲ್ಲಿಯದೇ ಅಲ್ವಾ? ಅವರಿಗೆ ಇಲ್ಲಿಗೆ ತನ್ನಿ ಅಂತಲೇ ಹೇಳುತ್ತೇನೆ. ಬೋನಫೈಡ್‌ಗೆ ಸೋಮವಾರ ಪ್ರಿನ್ಸಿಪಾಲರನ್ನು ಹಿಡಿಯಬೇಕು. ಮೊದಲ ವರ್ಷದಲ್ಲಿ 17 ತುಂಬಿದವರೇ ಜಾಸ್ತಿ, ಅವರಿಂದಲೇ ಶುರು ಮಾಡುತ್ತೇನೆ.