ಅಪ್‌ಡೇಟ್: ಕೆನ್ನೆಯ ಬಂಗಿಗೆ (ಕಂದು ಕಲೆಗೆ, ಮೆಲಾಸ್ಮಾ) ಲೇಸರ್ ಬೇಕಾ ಅಂತ ಕೇಳಿದ್ದೆ

ಲೇಸರ್ ಬಿಟ್ಟೆ. ನಮ್ಮಂಥ ಕಂದು ಮೈಬಣ್ಣದಲ್ಲಿ ಅದರ ಶಾಖವೇ ಬಂಗನ್ನು ಇನ್ನಷ್ಟು ಕಪ್ಪಾಗಿಸಬಹುದು. ಮೊದಲು ಐರನ್ ಆಕ್ಸೈಡ್ ಇರುವ ಟಿಂಟೆಡ್ ಸನ್‌ಸ್ಕ್ರೀನ್, ಎರಡು ಬೆರಳುದ್ದ. ಮಾಮೂಲಿ ಬಿಳಿ ಸನ್‌ಸ್ಕ್ರೀನ್ ಕಣ್ಣಿಗೆ ಕಾಣುವ ಬೆಳಕನ್ನು ಅಷ್ಟಾಗಿ ತಡೆಯಲ್ಲ, ಬಂಗು ಆ ಬೆಳಕಿಗೂ ಹೆಚ್ಚುತ್ತೆ.

ರಾತ್ರಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೆರಾಯ್ಡ್ ಮೂರೂ ಸೇರಿದ ಕ್ರೀಮು ಬಟಾಣಿ ಕಾಳಿನಷ್ಟು, 8 ವಾರ ಮಾತ್ರ. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಸಣ್ಣ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ.

ಆಮೇಲೆ 30% ಗ್ಲೈಕೋಲಿಕ್ ಪೀಲ್ (ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವುದು), ಮೂರು ವಾರಕ್ಕೊಮ್ಮೆ. ಕೆಲವು ದಿನ ಮುಂಚೆಯೇ ಟ್ರೆಟಿನಾಯಿನ್ ನಿಲ್ಲಿಸಬೇಕು. ಮೂಗಿನ ಪಕ್ಕದ ಸಂದಿಗೆ ಆಮ್ಲ ಇಳಿಯದಂತೆ ವ್ಯಾಸಲೀನ್. ಚರ್ಮ ಕೆಂಪಗಾದ ಕೂಡಲೇ, ಬೆಳ್ಳಗಾಗುವ ಮೊದಲೇ, ಅಡುಗೆ ಸೋಡಾ ಕರಗಿಸಿದ ನೀರಿನಿಂದ ಆಮ್ಲವನ್ನು ತಣಿಸಬೇಕು. ಮೂರು ಪೀಲ್ ಆದಮೇಲೆ ಕಂದು ಅಂಚು ಮಸುಕಾಗಿದೆ. ನಡುವಿನ ಬೂದು ಛಾಯೆ ಆಳದ್ದು, ಉಳಿದಿದೆ.